ಏಳನೆಯ ಮನೆಯ ಸೆಕೆ

೩ ಏಪ್ರಿಲ್ ೨೦೦೭, ಮಂಗಳವಾರ

'ಒಂದು ತುದಿ ಹುಳುವಿನ ಬಾಯಲ್ಲಿ, ಇನ್ನೊಂದು ತುದಿ...' ಮುಂದೆ ಏನಿತ್ತು? ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ರಾಣಿಯ ಸೆರಗಿನಲ್ಲಿ ಎಂದಿತ್ತೋ, ಮದುವಣಗಿತ್ತಿಯ ಹೆಗಲ ಮೇಲೆ ಎಂದಿತ್ತೋ. ಓದುವ ದಿನಗಳಲ್ಲಿ ಯಾವುದೋ ವಿಶೇಷಾಂಕದಲ್ಲಿ, ರೇಷ್ಮೆಯ ಎಳೆಯ ಮೇಲಿನ ಪದ್ಯದಲ್ಲಿ ಕಂಡು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡ ಸಾಲು. ಆಗ ಬಹಳ ಚೆನ್ನಾಗಿ ಕಂಡಿತ್ತು. ಈಗ ಅನುಮಾನ. ಬರೆದವರು ಒಂದು ದಿನವಾದರೂ ಹುಳುಮನೆಯ ಬಾಗಿಲಲ್ಲಿ ನಿಂತಿದ್ದರೇ? ಆ ಎರಡು ತುದಿಗಳ ನಡುವೆ ಇರುವುದನ್ನು ಮೂಸಿದ್ದರೇ? ಹಿಕ್ಕೆ, ಕೊಳೆತ ಸೊಪ್ಪು, ಬೆವರು, ಬ್ಲೀಚಿಂಗ್ ಪುಡಿ. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದನ್ನು ಮಳೆಗೆ ಹೋಲಿಸುತ್ತಾರೆ. ನನಗೆ ಅದು ಯಾರೋ ಬಾಯಿ ತೆರೆದುಕೊಂಡು ಅಗಿಯುವ ಸದ್ದಿನಂತೆಯೇ ಕೇಳುತ್ತದೆ.

ಹೊಂಗನೂರಿಗೆ ಬಂದು ಹದಿನೈದು ದಿನವಾಯಿತು. ಕೆಲಸ ಹೇಳಿಕೊಳ್ಳುವುದಕ್ಕೆ ಚೆನ್ನಾಗಿದೆ. ಏಳು ಹುಳುಮನೆಗಳಲ್ಲಿ ಅಂಗೈಯಗಲದ ಒಂದೊಂದು ಪೆಟ್ಟಿಗೆ ತೂಗುಹಾಕಿದ್ದೇವೆ. ಅದು ಐದು ನಿಮಿಷಕ್ಕೊಮ್ಮೆ ಒಳಗಿನ ಶಾಖವನ್ನೂ ತೇವವನ್ನೂ ಅಳೆದು, ತಂತಿಯಿಲ್ಲದೆ ಪಕ್ಕದ ಮನೆಯ ಪೆಟ್ಟಿಗೆಗೆ ಕಳಿಸುತ್ತದೆ. ಆ ಪೆಟ್ಟಿಗೆ ತನ್ನದನ್ನೂ ಇದನ್ನೂ ಅದರಾಚೆಯ ಮನೆಗೆ. ಹೀಗೆ ಮನೆ ಮನೆ ದಾಟಿ ಹಾಲಿನ ಡೇರಿಯ ಕಂಪ್ಯೂಟರಿಗೆ ಬಂದು ಸೇರುತ್ತದೆ. ಡೇರಿಯ ಗೋಡೆಯ ಮೇಲೆ ಕೆಂಪು ಅಕ್ಷರದ ಬೋರ್ಡು. ಬೆಳಿಗ್ಗೆ ಸಂಜೆ ಹಾಲು ಹಾಕಲು ಬಂದವರು ತಮ್ಮ ಮನೆಯ ಅಂಕಿ ಓದಿಕೊಂಡು ಹೋಗುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತಿರಬೇಕು. ಹುಳುಮನೆಯೊಳಗೆ ಕಾಲಿಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಪಾಠ ಹೇಳಿದ ಕಾಲೇಜು ಮುಚ್ಚಿಹೋದ ಮೇಲೆ, ನಲವತ್ತೆಂಟನೆಯ ವಯಸ್ಸಿನಲ್ಲಿ ಸಿಕ್ಕ ಕೆಲಸದಲ್ಲಿ ಅದೊಂದೇ ಸಮಾಧಾನ.

ಏಳನೆಯ ಮನೆ ಬೈರಮ್ಮನದು. ಊರಿನ ತುದಿ. ನನ್ನ ಬಾಡಿಗೆ ಕೋಣೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಒಂದು ಲೋಟ ಕಾಫಿ ತಂದುಕೊಟ್ಟಳು. ಲೋಟದ ಅಂಚಿಗೂ ಆ ವಾಸನೆ. ಬಚ್ಚಲಿಗೆ ಸುರಿದು, ತೊಳೆದು ವಾಪಸ್ಸು ಕೊಟ್ಟೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದೆ.

೫ ಏಪ್ರಿಲ್, ಗುರುವಾರ

ಮಧುಕುಮಾರ್ ಬಂದಿದ್ದರು. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿ, ಈಗ ಪ್ರೊಫೆಸರ್, ಈ ಯೋಜನೆಯ ಮುಖ್ಯಸ್ಥರು. ಕಾರಿನಿಂದ ಇಳಿಯುವ ಮೊದಲೇ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನೋಡಿ ಅಸಹ್ಯವಾಯಿತು. ನಾನೂ ಸೆರಗು ಹಿಡಿದಿದ್ದೆ, ಆದರೆ ಅದು ಬೇರೆ.

ಇಪ್ಪತ್ತನೆಯ ತಾರೀಕು ದೆಹಲಿಯಿಂದ ನಾಲ್ಕು ಜನ ಬೋರ್ಡು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಯೋಜನೆ ಮಾಗಡಿ, ಕುದೂರಿನ ಕಡೆಗೂ ಹರಡುತ್ತದೆ. ಮಧುಕುಮಾರ್ ಬೋರ್ಡಿನ ಮುಂದೆ ನಿಂತು ನೋಡುತ್ತಿರುವಾಗಲೇ ಮೂರನೆಯ ಮನೆಯ ಅಂಕಿ ಹೋಗಿ ಎರಡು ಗೆರೆ ಕಾಣಿಸಿತು. ದಾರಿಯಲ್ಲಿ ಸಂದೇಶ ತಪ್ಪಿಹೋದರೆ ಹಾಗೆ ಗೆರೆ ಬರುತ್ತದೆ. ಐದು ನಿಮಿಷಕ್ಕೆ ಸರಿಹೋಗುತ್ತದೆ.

"ಗೆರೆ ಕಂಡ್ರೆ ಕೆಟ್ಟುಹೋಗಿದೆ ಅಂದ್ಕೊಳ್ತಾರೆ ಮೇಡಂ. ಹೊಸ ಅಂಕಿ ಬರೋವರೆಗೂ ಹಳೇದನ್ನೇ ತೋರಿಸ್ತಿರಲಿ" ಎಂದರು. ಎಷ್ಟು ಹೊತ್ತಿನವರೆಗೆ ಎಂದು ಕೇಳಿದೆ. "ಬರೋವರೆಗೆ" ಎಂದರು.

ಪ್ರೋಗ್ರಾಮಿನಲ್ಲಿ ನಾಲ್ಕು ಸಾಲಿನ ಬದಲಾವಣೆ. ಅವರು ಕಾರು ಹತ್ತುವುದರೊಳಗೆ ಮಾಡಿ ಮುಗಿಸಿದೆ. ಬೋರ್ಡು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಏಳು ಸಾಲು, ಎಲ್ಲೂ ಖಾಲಿ ಇಲ್ಲ.

೮ ಏಪ್ರಿಲ್, ಭಾನುವಾರ

ಬೈರಮ್ಮನ ಗಂಡ ಚೆಲುವಯ್ಯನಿಗೆ ಹುಳುಮನೆಯ ಶಾಖ ನೋಡುವ ಒಂದು ಕ್ರಮವಿದೆ. ಅಂಗಿ ಬಿಚ್ಚಿ ಒಳಗೆ ನಡುಮಧ್ಯೆ ನಿಲ್ಲುತ್ತಾನೆ. ನೂರು ಎಣಿಸುತ್ತಾನೆ. ಅಷ್ಟರೊಳಗೆ ಕತ್ತಿನ ಹಿಂದೆ ಬೆವರು ಒಡೆದರೆ ಕಿಟಕಿ ತೆಗೆಯುತ್ತಾನೆ; ಇಲ್ಲದಿದ್ದರೆ ಇಲ್ಲ. ಅಪ್ಪನಿಂದ ಕಲಿತದ್ದಂತೆ. ಇವತ್ತು ಹಾಗೆ ನಿಂತು ಹೊರಗೆ ಬಂದು ಸೆಕೆ ಎಂದ. ಬೋರ್ಡು ಇಪ್ಪತ್ತೈದು ತೋರಿಸುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಬಂದ ಮೈ, ಬೆವರದೆ ಏನು ಮಾಡುತ್ತದೆ? ಮೈ ಸುಳ್ಳು ಹೇಳುತ್ತದೆ, ಪೆಟ್ಟಿಗೆ ಹೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಡೇರಿಯಲ್ಲಿ ಇದ್ದವರು ನಕ್ಕರು. ಅವನೂ ನಕ್ಕ. ಹಳದಿ ಹಲ್ಲು, ಕಿವಿಯ ಹಿಂದೆ ಸಿಕ್ಕಿಕೊಂಡ ಒಂದು ಹುಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವರ ಹುಳು ನಿನ್ನೆ ನಾಲ್ಕನೆಯ ಜ್ವರದಿಂದ ಎದ್ದಿವೆ. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಕಾಲಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಇನ್ನು ಒಂದು ವಾರ ರಾತ್ರಿ ಹಗಲೆನ್ನದೆ ತಿಂದು ಹಣ್ಣಾಗಿ ಗೂಡು ಕಟ್ಟಬೇಕು. ಈ ವಾರದಲ್ಲಿ ಸೆಕೆ ತಾಗಿದರೆ ಬೆಳೆಯೇ ಇಲ್ಲ. ಇಂಥ ಹೊತ್ತಿನಲ್ಲಿ ಕನಕಪುರದಿಂದ ಕರೆ ಬಂದಿದೆ. ಮಗಳು ನಯನಾಗೆ ಎರಡನೆಯ ಹೆರಿಗೆ. ರಕ್ತದೊತ್ತಡ ಹೆಚ್ಚಾಗಿದೆಯೆಂದು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಬೈರಮ್ಮ ಕೈಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಂತು ಹೋಗಲೋ ಬೇಡವೋ ಎಂದಳು.

"ನಮ್ಮೋರು ಸೊಪ್ಪು ಹಾಕ್ತರೆ ಸರಿ, ಅವ್ರ ಬೆವರು ನಂಬಂಗಿಲ್ಲ ಅಂದ್ರಲ್ಲ ನೀವು. ನೀವೊಸಿ ಬೋರ್ಡು ನೋಡ್ಕತೀರಾ ಮೇಡಮ್ಮೋರೆ?"

ಅದಕ್ಕೇ ಅಲ್ಲವೇ ಬೋರ್ಡು ಇರುವುದು, ಹೋಗಿ ಬನ್ನಿ ಎಂದೆ. ಬೇಗ ಹೋಗಲಿ ಎಂದೂ ಇತ್ತು. ಅವಳ ಸೀರೆಯಿಂದ ವಾಸನೆ ಬರುತ್ತಿತ್ತು.

೧೦ ಏಪ್ರಿಲ್, ಮಂಗಳವಾರ

ಆರನೆಯ ಮನೆ ಅಂಕಯ್ಯನದು. ಅವರ ಬೆಳೆ ಮುಗಿದು ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿಯಾಯಿತು. ಇವತ್ತು ಬೆಳಕು ಹರಿದಾಗಿನಿಂದ ಹುಳುಮನೆ ತೊಳೆಯುವ ಗದ್ದಲ. ತಟ್ಟೆಗಳೆಲ್ಲ ಬಿಸಿಲಿಗೆ; ಗೋಡೆಗೆ ಸುಣ್ಣ; ಆಮೇಲೆ ಔಷಧಿ ಹೊಡೆದು ಬಾಗಿಲ ಸಂದಿಗೆ ಕಾಗದ ಅಂಟಿಸಿ ಮುಚ್ಚಿಡುತ್ತಾರೆ. ಒಳಗೆ ಒಂದು ವಸ್ತುವನ್ನೂ ಬಿಡುವುದಿಲ್ಲ. ಔಷಧಿಯ ಘಾಟಿಗೆ ಕಣ್ಣಲ್ಲಿ ನೀರು. ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಿದ್ದಾಗ ಅಂಕಯ್ಯನ ಹೆಂಡತಿ ಮಾರಕ್ಕ ಅಲ್ಲಿಂದಲೇ ಕೂಗಿದಳು: "ನಿಮ್ ಪೆಟ್ಗೆ ಚಿಂತೆ ಬುಡಿ ಮೇಡಮ್ಮೋರೆ, ಜ್ವಾಪಾನ ಮಾಡಿವ್ನಿ." ಕೈ ಎತ್ತಿ ಸರಿ ಎಂದೆ. ನಿಂತು ಮಾತನಾಡಿದರೆ ಬಾಯಿಗೂ ಆ ಘಾಟು.

೧೧ ಏಪ್ರಿಲ್, ಬುಧವಾರ

ಬೈರಮ್ಮ ಆಸ್ಪತ್ರೆಯ ಹತ್ತಿರದ ಅಂಗಡಿಯಿಂದ ಡೇರಿಗೆ ಫೋನ್ ಮಾಡಿದ್ದಳು. ಮೊದಲು ಹುಳು ಹೇಗಿವೆ ಎಂದು. ಆಮೇಲೆ ಹೆಣ್ಣು ಮಗು ಆಯಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು. ಬೋರ್ಡು ನೋಡಿ ಓದಿದೆ: ಶಾಖ ೨೪.೬, ತೇವ ೭೧. ಹುಳುವಿಗೆ ಬೇಕಾದಷ್ಟೇ. ಅವಳು ನೆಮ್ಮದಿಯ ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿತು.

ಹೊರಗೆ ಮೂವತ್ತಾರು ಡಿಗ್ರಿ. ಇಂಥ ಬಿಸಿಲಿನಲ್ಲಿ ಚೆಲುವಯ್ಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ ಒಳಗೆ ೨೪.೬ ಕಾಪಾಡಿಕೊಂಡಿದ್ದಾನೆ. ಹೇಳಿಕೊಟ್ಟರೆ ಇವರೂ ಶಿಸ್ತು ಕಲಿಯುತ್ತಾರೆ.

೧೨ ಏಪ್ರಿಲ್, ಗುರುವಾರ

೨೪.೬. ೭೧.

ಮಧ್ಯಾಹ್ನ ಎರಡು ಗಂಟೆಗೆ ಚೆಲುವಯ್ಯ ಬಂದ. ಬರಿಮೈ, ಹೊಟ್ಟೆಯ ಮೇಲೆ ಬೆವರು ಹರಿಯುತ್ತಿತ್ತು. ನನ್ನ ಚಾಪೆಯ ಮೇಲೆ ಎಲ್ಲಿ ಕಾಲಿಡುತ್ತಾನೋ ಎಂದು ಹೊಸ್ತಿಲಲ್ಲೇ ತಡೆದೆ.

"ಒಳಗೆ ನಿಂತ್ರೆ ಒಸಿ ಜಾಸ್ತಿನೇ ಐತೆ ಸೆಕೆ. ಐವತ್ತು ಎಣಿಸೊ ಅಷ್ಟ್ರಲ್ಲೇ ಬೆವರು ಬಂದ್ಬುಡ್ತು. ಗೋಣಿ ಕಿತ್ತಾಕಿ ಕಿಟಕಿ ತೆಗೆದ್ಬುಡ್ಲಾ?"

ಬೋರ್ಡು ಏನು ಹೇಳುತ್ತದೆ ಎಂದು ಕೇಳಿದೆ. ಇಪ್ಪತ್ನಾಲ್ಕು ಚಿಲ್ಲರೆ ಎಂದ. ಹಾಗಿದ್ದರೆ ಕಿಟಕಿ ತೆಗೆದರೆ ಹೊರಗಿನ ಮೂವತ್ತಾರು ಒಳಗೆ ನುಗ್ಗುತ್ತದೆ, ಮುಟ್ಟಬೇಡಿ ಎಂದೆ. ಅವನು ಅಂಗೈಯಿಂದ ಕತ್ತಿನ ಬೆವರು ಒರೆಸಿಕೊಂಡ. "ಬೋರ್ಡು ಹಂಗಂದ್ರೆ ಸರಿ ಬುಡಿ" ಎಂದು ಹೋದ. ಹೊಸ್ತಿಲಿಗೆ ಫಿನಾಯಿಲ್ ಹಾಕಿ ಒರೆಸಿದೆ.

೧೩ ಏಪ್ರಿಲ್, ಶುಕ್ರವಾರ

ಸಂಜೆಯ ಬಸ್ಸಿಗೆ ಬೈರಮ್ಮ ಬಂದಳಂತೆ. ಬೀದಿಯಲ್ಲೇ ಸ್ನಾನ ಮಾಡಿಸಿ ಒಳಗೆ ಕರೆದುಕೊಂಡರಂತೆ. ಏಳನೆಯ ಮನೆ ೨೪.೬. ಒಂದು ಪುಟವೂ ಓದಲಾಗಲಿಲ್ಲ. ಗೋಡೆಯಾಚೆಯಿಂದ ಬರುವ ವಾಸನೆ ಇವತ್ತು ಬೇರೆ ತರ ಇದೆ, ಹುಳಿ ಹುಳಿ.

೧೪ ಏಪ್ರಿಲ್, ಶನಿವಾರ

ಬೆಳಿಗ್ಗೆ ಬೈರಮ್ಮ ಕೂಗಿಕೊಂಡಿದ್ದು ಡೇರಿಯವರೆಗೆ ಕೇಳಿತು.

ಮೊದಲ ಸಲ ಹುಳುಮನೆಯೊಳಗೆ ಹೋದೆ. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದದ್ದು ಗಾಳಿಯಲ್ಲ, ಒದ್ದೆ ಬಟ್ಟೆಯಂಥದ್ದು ಏನೋ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಹಾಗೇ ಮೆತ್ತಗಾಗಿದ್ದವು. ಕೆಲವು ಕಪ್ಪಾಗಿ, ಮುಟ್ಟಿದರೆ ಒಡೆದು ಕಂದು ನೀರು. ಇಲ್ಲಿಯವರು ಸಪ್ಪೆ ರೋಗ ಎನ್ನುತ್ತಾರೆ. ಇನ್ನೆರಡು ದಿನಕ್ಕೆ ಹಣ್ಣಾಗಬೇಕಿದ್ದವು. ನಾನು ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿದೆ.

ವಾಪಸ್ಸು ಬಂದಾಗ ಬಾಗಿಲಲ್ಲಿ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು: ಪುರುಡಿನ ಮೈಲಿಗೆ. ಹೆರಿಗೆಯಾದ ಮನೆಯಿಂದ ಬಂದು ಹನ್ನೊಂದು ದಿನವೂ ಕಳೆಯದೆ ಹುಳುಮನೆಗೆ ಹೋದಳು, ಹುಳು ಹೇಗೆ ಉಳಿದಾವು. ಮಾರಕ್ಕ ಅದಕ್ಕೆ ಇನ್ನೊಂದು ಸೇರಿಸಿದಳು: "ಹೆಣ್ಣು ಕೂಸು. ಹುಟ್ತಿದ್ದಂಗೇ ಅಜ್ಜಿ ಮನೆ ಹುಳ ತಿಂದ್ಕತು. ಎಂಥ ಕಾಲ್ಗುಣವೋ ಏನೋ."

ಮೂರು ದಿನದ ಕೂಸಿನ ಮೇಲೆ ಇಂಥ ಮಾತು. ಈ ಜನರ ಬಾಯಿ ತೊಳೆಯಲು ಯಾವ ಔಷಧಿಯಿದೆ? ಒಂದು ರಾತ್ರಿಯಲ್ಲಿ ಇಷ್ಟು ಹುಳು ಸಾಯುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಬೋರ್ಡು ೨೪.೬ ಎನ್ನುತ್ತಿತ್ತಲ್ಲ.

೧೫ ಏಪ್ರಿಲ್, ಭಾನುವಾರ

೨೪.೬. ಕಿಟಕಿ, ಬಾಗಿಲು, ಗೋಣಿ ಎಲ್ಲ ಕಿತ್ತುಹಾಕಿದ ಮೇಲೂ ೨೪.೬.

ಕಂಪ್ಯೂಟರಿನೊಳಗೆ ಹೋಗಿ ನೋಡಿದೆ. ಏಳನೆಯ ಮನೆಯಿಂದ ಕೊನೆಯ ಸಂದೇಶ ಬಂದದ್ದು ಹತ್ತನೆಯ ತಾರೀಕು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ತಂಪು ಹೊತ್ತಿನಲ್ಲಿ. ಆರನೆಯ ಮನೆಯಿಂದಲೂ ಅದೇ ಗಳಿಗೆಗೆ ಕೊನೆ. ಅಲ್ಲಿಂದ ಐದು ದಿನ ಬೋರ್ಡು ತೋರಿಸಿದ್ದು ಆ ಒಂದು ಬೆಳಗಿನ ಅಂಕಿಯನ್ನು. ನಾನು ಬರೆದ ನಾಲ್ಕು ಸಾಲು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ.

ಅಂಕಯ್ಯನ ಮನೆಗೆ ಹೋಗಿ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಮಾರಕ್ಕ ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋದಳು. ಮಂಚದ ಕೆಳಗಿನಿಂದ ಕಬ್ಬಿಣದ ಟ್ರಂಕು ಎಳೆದು, ಮದುವೆ ಸೀರೆಗಳನ್ನು ಸರಿಸಿ, ಹಳೆಯ ಟವಲಿನಲ್ಲಿ ಮಗುವಿನಂತೆ ಸುತ್ತಿಟ್ಟ ಪೆಟ್ಟಿಗೆ ತೆಗೆದಳು. ಸರ್ಕಾರದ ಸಾಮಾನು, ಔಷಧಿ ತಾಗಿ ಹಾಳಾಗಬಾರದು ಎಂದು ಇಟ್ಟಿದ್ದಾಳೆ. ಅದರ ಮೇಲಿನ ಸಣ್ಣ ದೀಪ ಮಿನುಗುತ್ತಲೇ ಇತ್ತು. ಟ್ರಂಕಿನ ತಗಡು ದಾಟಿ ಅದಕ್ಕೆ ಏನೂ ಕೇಳಿಸದು, ಅದರ ಮಾತೂ ಹೊರಗೆ ಬಾರದು. ಬೈರಮ್ಮನ ಮನೆ ಊರಿನ ತುದಿ. ಅಲ್ಲಿಂದ ಸಂದೇಶ ಬರಲು ಇದೊಂದೇ ದಾರಿ. ಆ ದಾರಿಯ ನಕ್ಷೆ ಬರೆದದ್ದೂ ನಾನೇ. ತೊಳೆಯುವ ದಿನ ಪೆಟ್ಟಿಗೆಯನ್ನು ಹೊರಗಿನ ಗೋಡೆಗೆ ನೇತುಹಾಕಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಮೂಗು ಮುಚ್ಚಿಕೊಂಡು ಓಡಿಹೋಗಿದ್ದಳು.

ಏಳನೆಯ ಪೆಟ್ಟಿಗೆ ಇಳಿಸಿ ಅದರ ನೆನಪನ್ನು ತೆಗೆದು ಓದಿದೆ. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಶಾಖ ೩೫.೮, ತೇವ ೯೩, ಕಿಟಕಿ ತೆಗೆದಿದ್ದರೆ ಹೊರಗೆ ಹೋಗುತ್ತಿದ್ದ ಹಬೆ. ಚೆಲುವಯ್ಯ ನನ್ನ ಹೊಸ್ತಿಲಲ್ಲಿ ನಿಂತಿದ್ದ ಹೊತ್ತು.

೧೬ ಏಪ್ರಿಲ್, ಸೋಮವಾರ

ಮಧುಕುಮಾರನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, ಇನ್ನು ಯಾರಿಗೆ ಗೊತ್ತು. ಎರಡನೆಯದು, ಊರಿನವರು ಏನೆನ್ನುತ್ತಿದ್ದಾರೆ. ಪುರುಡು ಎನ್ನುತ್ತಾರೆ ಎಂದೆ.

"ಸದ್ಯ" ಎಂದ. "ಹಾಗೇ ಇರಲಿ ಮೇಡಂ. ವರದಿಗೆ, ನಿರ್ವಹಣೆಯ ಕೊರತೆಯಿಂದ ಒಂದು ಮನೆಯಲ್ಲಿ ನಷ್ಟ ಅಂತ ಒಂದು ಸಾಲು ಸಾಕು."

ಪುರುಡನ್ನು ನಂಬದವನು ಅದರ ಹಿಂದೆ ಅಡಗಿಕೊಳ್ಳುತ್ತಾನೆ. ಫೋನು ಇಟ್ಟ ಮೇಲೆ ಅವನನ್ನು ಮನಸ್ಸಿನಲ್ಲೇ ಬಯ್ಯುತ್ತಾ ಕೋಣೆಗೆ ಬಂದೆ. ಹಾಗಾದರೆ ಶನಿವಾರದಿಂದ ನಾನು ಎಲ್ಲಿ ಅಡಗಿದ್ದೇನೆ? ಈಗ ಯಾರನ್ನು ನೋಡಿ ಅಸಹ್ಯಪಡಲಿ ಎಂಬ ಲೆಕ್ಕವೇ ತಪ್ಪುತ್ತಿದೆ.

೧೭ ಏಪ್ರಿಲ್, ಮಂಗಳವಾರ

ಬೆಳಿಗ್ಗೆಯಿಂದ ಹುಳು ಎತ್ತಿ ಗುಂಡಿಗೆ ಸುರಿಯುವ ಕೆಲಸ. ಊರಿನವರು ಯಾರೂ ಒಳಗೆ ಬರಲಿಲ್ಲ, ಮೈಲಿಗೆ ತಮ್ಮ ಹುಳುಮನೆಗೂ ಬಂದೀತೆಂದು. ನಾವು ಮೂವರೇ. ಚೆಲುವಯ್ಯನವರು ತಟ್ಟೆ ಇಳಿಸುತ್ತಿದ್ದರು, ಬೈರಮ್ಮ ಮತ್ತು ನಾನು ಕೈಯಿಂದ ಬಾಚಿ ಬುಟ್ಟಿಗೆ ಹಾಕುತ್ತಿದ್ದೆವು. ಕಡ್ಡಿಯಿಂದ ಎತ್ತಿದರೆ ಒಡೆಯುತ್ತವೆ, ಕೈಯೇ ಸರಿ. ಹನ್ನೊಂದು ಗಂಟೆಗೆ ಬೈರಮ್ಮ ಕಾಫಿ ಕಾಸಿದರು. ಬೆಲ್ಲದ ಕಾಫಿ, ಸ್ವಲ್ಪ ಸಿಹಿ ಹೆಚ್ಚು.

ಕನಕಪುರದಿಂದ ಅಳಿಯನ ಫೋನು ಬಂದಿತ್ತಂತೆ. ಮಗುವಿಗೆ ಕಾಮಾಲೆ ತಿರುಗಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ನಯನಾಳ ಹತ್ತಿರ ಯಾರೂ ಇಲ್ಲ, ಅತ್ತೆ ಬಂದರೆ ಒಳ್ಳೆಯದು ಎಂದು. ಬೈರಮ್ಮ ಹೋಗುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಯಾಕೆ ಎಂದೆ. ಬುಟ್ಟಿಯಿಂದ ತಲೆ ಎತ್ತಲಿಲ್ಲ.

"ನಾನಿನ್ನು ಆ ಮಗೀನ ಮುಟ್ಟಕಿಲ್ಲ. ಅದು ನಂಗಾಗಿಬರಕಿಲ್ಲ, ನಾನು ಅದ್ಕಾಗಿಬರಕಿಲ್ಲ. ದೂರ್ದಲ್ಲೇ ಚೆಂದಾಗಿರ್ಲಿ."

ಚೆಲುವಯ್ಯನವರು ನನ್ನ ಕಡೆ ಒಮ್ಮೆ ನೋಡಿ ಇನ್ನೊಂದು ತಟ್ಟೆ ಇಳಿಸಿದರು. ಗುರುವಾರ ನನ್ನ ಬಾಗಿಲಿಗೆ ಬಂದದ್ದನ್ನು ಅವರು ಹೆಂಡತಿಗೆ ಹೇಳಿಯೇ ಇಲ್ಲ ಎಂದು ಆಗ ತಿಳಿಯಿತು. ನನಗೆ ಅವಮಾನವಾಗಬಾರದೆಂದೋ, ಬೋರ್ಡಿನ ಮಾತು ಕೇಳಿದ ತಮಗೆ ನಾಚಿಕೆಯೋ. ನಾನು ಬಾಚುತ್ತಲೇ ಇದ್ದೆ. ಥೂ.

೧೮ ಏಪ್ರಿಲ್, ಬುಧವಾರ

ಮಧ್ಯಾಹ್ನ ಕೂತು ಆ ನಾಲ್ಕು ಸಾಲು ಅಳಿಸಿದೆ. ಏಳನೆಯ ಮನೆಯ ಪೆಟ್ಟಿಗೆ ನನ್ನ ಮೇಜಿನ ಮೇಲಿದೆ, ಆರನೆಯದು ಇನ್ನೂ ಟ್ರಂಕಿನಲ್ಲೇ. ಬೋರ್ಡಿನಲ್ಲಿ ಎರಡು ಸಾಲು ಬರೀ ಗೆರೆ.

ಸಂಜೆ ಹಾಲಿನ ಹೊತ್ತಿಗೆ ಡೇರಿಯ ಮುಂದೆ ಮೂವತ್ತು ನಲವತ್ತು ಜನ, ಕ್ಯಾನು, ತಂಬಿಗೆ, ಸರತಿ. ಮೆಟ್ಟಿಲ ಮೇಲೆ ನಿಂತೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ದನಿಯಲ್ಲೇ ಎಲ್ಲರನ್ನೂ ಕರೆದೆ. ಹತ್ತನೆಯ ತಾರೀಕಿನಿಂದ ಏಳನೆಯ ಮನೆಯ ಅಂಕಿ ಬಂದೇ ಇರಲಿಲ್ಲ, ಬೋರ್ಡು ಹಳೆಯದನ್ನೇ ತೋರಿಸುತ್ತಿತ್ತು, ಹಾಗೆ ತೋರಿಸುವಂತೆ ಮಾಡಿದವಳು ನಾನು ಎಂದು ಹೇಳಿದೆ. ಗುರುವಾರ ಚೆಲುವಯ್ಯನವರು ಸೆಕೆ ಎಂದು ಬಂದು ಹೇಳಿದ್ದರು, ಕಿಟಕಿ ಮುಟ್ಟಬೇಡಿ ಎಂದವಳೂ ನಾನೇ ಎಂದೆ. ಪೆಟ್ಟಿಗೆಯ ನೆನಪಿನಲ್ಲಿದ್ದ ನಿಜವಾದ ಅಂಕಿಗಳನ್ನು ದಿನ ದಿನದ್ದೂ ಓದಿದೆ. ಬೈರಮ್ಮ ಬಸ್ಸಿನಿಂದ ಇಳಿಯುವ ಮೊದಲೇ ಹುಳು ಬೆಂದುಹೋಗಿದ್ದವು.

ಅಂಕಯ್ಯನವರು ಕ್ಯಾನು ಕೆಳಗಿಟ್ಟರು.

"ಅಂಗಾರೆ ಮೆಷಿನ್ನಿಗೂ ಸುಳ್ಳು ಹೇಳಕೆ ಬತ್ತದೆ ಅನ್ನಿ."

ಮೆಷಿನ್ನಿಗಲ್ಲ, ನನಗೆ, ಎಂದೆ.

ಹಿಂದಿನಿಂದ ಯಾರೋ ನಕ್ಕರು. ಇನ್ನೊಬ್ಬರು, ಓದಿದೋರ ಮಾತು ಕೇಳಿ ಮೈಬೆವರು ನಂಬೋದು ಬಿಟ್ಟಿದ್ದಕ್ಕೆ ಚೆಲುವನಿಗೆ ಹಿಂಗೇ ಆಗಬೇಕು ಎಂದರು. ಮಾರಕ್ಕ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ಟ್ರಂಕಿನಲ್ಲಿ ಇಟ್ಟಿದ್ದು ತಪ್ಪಾ ಎಂದು ಕೇಳಿದರು. ಅಲ್ಲ ಎಂದೆ. ಅವರು ಬಹಳ ಹೊತ್ತು ಬೋರ್ಡಿನ ಗೆರೆಗಳನ್ನು ನೋಡುತ್ತ ನಿಂತಿದ್ದರು. ಆಮೇಲೆ ಹಾಲು ಹಾಕದೆ ಬೈರಮ್ಮನ ಮನೆ ಕಡೆಗೆ ಹೋದರು, ಬೇಗ ಬೇಗ.

ಕೋಣೆ ಸೇರುವುದರೊಳಗೆ ಡೇರಿಗೆ ಮಧುಕುಮಾರನ ಫೋನು. ಯಾರೋ ಮುಟ್ಟಿಸಿದ್ದಾರೆ. ಇಪ್ಪತ್ತನೆಯ ತಾರೀಕು ನಾನು ಬರುವ ಅಗತ್ಯವಿಲ್ಲವಂತೆ, ತಿಂಗಳ ಕೊನೆಗೆ ಕೋಣೆಯ ಕೀಲಿ ಕೊಡಬೇಕಂತೆ. ಒಂದು ಕಾಲಕ್ಕೆ ಮುಂದಿನ ಬೆಂಚಿನಲ್ಲಿ ಕೂತು ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ ಹುಡುಗ.

ಮಾರಕ್ಕ ಸೊಪ್ಪಿನ ಸಾರು, ಒಂದು ಮುದ್ದೆ ತಂದಿಟ್ಟು ಹೋಗಿದ್ದರು. ಉಂಡು ಮಲಗುತ್ತೇನೆ. ಗೋಡೆಯಾಚೆ ಬೈರಮ್ಮನ ಮಾತು ಕೇಳುತ್ತಿಲ್ಲ.

೧೯ ಏಪ್ರಿಲ್, ಗುರುವಾರ

ಆರು ಗಂಟೆಗೆ ಬಾಗಿಲು ಬಡಿದರು. ತೆರೆದರೆ ಬೈರಮ್ಮ, ಒಗೆದ ಸೀರೆ, ಕೈಚೀಲ, ಚೀಲದ ಮೇಲೆ ಮಗುವಿಗೆ ಹೊದಿಸಲು ಹಳೆಯ ಸೀರೆಯ ದುಪ್ಪಟಿ. ಒಳಗೆ ಬನ್ನಿ ಎಂದೆ. ಹೊಸ್ತಿಲಾಚೆಯೇ ನಿಂತರು. ಕ್ಷಮಿಸಿ ಎಂದು ಶುರುಮಾಡಿದೆ. ಕೈ ಅಡ್ಡ ಮಾಡಿ ನಿಲ್ಲಿಸಿದರು.

"ಕನಕಪುರಕ್ಕೆ ಒಂಟಿವ್ನಿ, ಮಗೀನ ಎತ್ಕಳಕೆ. ಅದ್ನೇಳಕೆ ಬರ್ಲಿಲ್ಲ. ಸದ್ಯಕ್ಕೆ ನನ್ ಕಣ್ಣಿಗೆ ಬೀಳ್ಬ್ಯಾಡಿ, ನಿಮ್ ಮಖ ಕಂಡ್ರೆ ನಂಗೆ ಸತ್ತ ಹುಳಿನ ವಾಸ್ನೆ ಬತ್ತದೆ. ಬಂದ್ಮೇಲೆ ಹೊಸ ಹುಳ ಕಟ್ಬೇಕು. ಮುನ್ನೂರು ತಟ್ಟೆ ಅವೆ ತೊಳ್ಯಕೆ. ಆಗ ಬನ್ನಿ."